ದನಿ ತೆಗೆದ ಹನ್ನೊಂದು ಸೆಕೆಂಡು

ಅಮ್ಮಾ,

ನೀನು ತೀರಿಕೊಂಡು ಮೂರು ವರ್ಷ. ಇವತ್ತು ಮಧ್ಯಾಹ್ನ ನಮ್ಮ ನ್ಯೂಸ್ ಚಾನೆಲ್‌ನಲ್ಲಿ ನೀನು ಮತ್ತೆ ಬಂದೆ.

ಎಲ್ಲೋ ಕಾರ್ಖಾನೆಗೆ ಬೆಂಕಿ ಬಿದ್ದಿತ್ತು. ಅಲ್ಲಿನ ದೃಶ್ಯ ಬರೋವರೆಗೆ ಕಾಯೋ ವ್ಯವಧಾನ ನಮಗೆಲ್ಲಿ? ಎಡಿಟಿಂಗ್ ಹುಡುಗಿ ಹಳೇ ಸಂಗ್ರಹದಲ್ಲಿ 'ಅಳುವ ತಾಯಿ' ಅಂತ ಹುಡುಕಿದಳು. ಲಾರಿಗೆ ಸಿಕ್ಕಿ ನನ್ನ ತಮ್ಮ ಸತ್ತ ದಿನ ನಿನ್ನ ದೃಶ್ಯಕ್ಕೆ ಆ ಹೆಸರು ಕೊಟ್ಟು ಇಟ್ಟವನು ನಾನೇ.

"ಕರುಳು ಕಿತ್ತು ಬರೋ ಹಾಗೆ ಅಳ್ತಾರಲ್ಲ ಸರ್, ಯಾರಿವರು?"

"ಯಾರೋ. ಮೂರು ಸಲ ಓಡಿಸು," ಅಂದೆ.

ಹನ್ನೊಂದು ಸೆಕೆಂಡು ನೀನು ಕೈಚಾಚಿ, ಕ್ಯಾಮೆರಾ ಹಿಡಿದ ನನ್ನನ್ನೇ ನೋಡ್ತೀಯ. ದನಿ ತೆಗೆದು ಪಿಟೀಲು ಹಾಕಿದ್ದೀವಿ. ಅದಕ್ಕೇ ನೀನು ಹೇಳಿದ್ದು ಯಾರಿಗೂ ಕೇಳಿಸಲ್ಲ:

"ಅದನ್ನ ಕೆಳಗಿಟ್ಟು ಬಾರೋ, ಅವನಿಗಿನ್ನೂ ಉಸಿರಿದೆ."