ಆಗಸ್ಟಿನ ಕೊನೆಯ ಎರಡು ವಾರ

ಹೌಕಿಯಾರ್ವಿ ಕೆರೆದಂಡೆ
ಬುಧವಾರ, 27 ಜುಲೈ 1994

ನನ್ನ ಸೈಮಿ,

ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರ ಕಾಗದ ಎಂದು ನಿನಗೆ ಗೊತ್ತಾಗಿರುತ್ತದೆ. ಓದದೆ ಒಲೆಗೆ ಮಾತ್ರ ಹಾಕಬೇಡ ಮಾರಾಯ್ತಿ. ಆರು ವರ್ಷದಲ್ಲಿ ಕ್ರಿಸ್‌ಮಸ್ ಕಾರ್ಡು ಬಿಟ್ಟರೆ ನಾನು ನಿನಗೆ ಕಳಿಸಿದ್ದು ಒಂದೇ ಒಂದು, ನಿನ್ನ ರೇಯ್ನೊ ತೀರಿಕೊಂಡಾಗಿನ ಆ ಸಂತಾಪದ ಕಾರ್ಡು. ಅದರಲ್ಲೂ ಅಂಗಡಿಯವರು ಅಚ್ಚು ಹಾಕಿದ ಸಾಲುಗಳು, ಕೆಳಗೆ ನನ್ನ ಹೆಸರು. ಅಕ್ಕನಾದವಳು ಬರೆಯುವ ರೀತಿಯೇ ಅದು?

ಇವತ್ತು ನಿದ್ದೆಬುರುಕರ ದಿನ. ನೆನಪಿದೆಯಲ್ಲ, ಮನೆಯಲ್ಲಿ ಎಲ್ಲರಿಗಿಂತ ತಡವಾಗಿ ಎದ್ದವರನ್ನು ಎತ್ತಿ ನೀರಿಗೆ ಹಾಕುವುದು. ವರ್ಷವೂ ಸಿಕ್ಕಿಬೀಳುತ್ತಿದ್ದವಳು ನೀನೇ. ಅಪ್ಪ ಕಾಲು ಹಿಡಿಯುತ್ತಿದ್ದರು, ನಾನು ಕೈ. ಈಗ ಈ ಮನೆಯಲ್ಲಿ ಮೊದಲು ಏಳುವವಳೂ ನಾನೇ, ಕೊನೆಗೆ ಏಳುವವಳೂ ನಾನೇ. ಬೆಳಿಗ್ಗೆ ಆರಕ್ಕೆ ದೋಣಿಕಟ್ಟೆಯ ತುದಿಗೆ ಹೋಗಿ, ಸರಿ, ಶಾಸ್ತ್ರ ಯಾಕೆ ಬಿಡುವುದು ಎಂದು ನನ್ನನ್ನು ನಾನೇ ನೀರಿಗೆ ಇಳಿಸಿಕೊಂಡೆ. ನೀರು ಹಾಲಿನಂತೆ ಬೆಚ್ಚಗಿತ್ತು, ಆದರೆ ನಗುವುದಕ್ಕೆ ಯಾರೂ ಇರಲಿಲ್ಲ. ಮೇಲೆ ಬಂದು ತಲೆ ಒರೆಸಿಕೊಳ್ಳುತ್ತಿದ್ದಾಗ ಇವತ್ತು ಬರೆದೇ ಬಿಡುತ್ತೇನೆ ಎಂದು ತೀರ್ಮಾನಿಸಿದೆ.

ವಿಷಯ ಇಷ್ಟು. ಆಗಸ್ಟಿನ ಕೊನೆಯ ಎರಡು ವಾರ ನೀನು ಇಲ್ಲಿಗೆ ಬರಬೇಕು. ಹದಿಮೂರನೇ ತಾರೀಕು ಶನಿವಾರ ಬಂದರೆ ಇಪ್ಪತ್ತೆಂಟರ ಭಾನುವಾರದವರೆಗೆ ಇರಬಹುದು. ನಾನು ಎಲ್ಲ ಯೋಚಿಸಿಯೇ ಹೇಳುತ್ತಿದ್ದೇನೆ. ಶಾಲೆ ಶುರುವಾಗುವ ಹೊತ್ತಿಗೆ ಆಚೆ ದಡದ ಬೇಸಿಗೆಮನೆಗಳ ಮಕ್ಕಳು ಮರಿಗಳೆಲ್ಲ ಪಟ್ಟಣ ಸೇರಿರುತ್ತಾರೆ. ಮೋಟಾರು ದೋಣಿಗಳ ಗಲಾಟೆ ಇರುವುದಿಲ್ಲ. ಸೊಳ್ಳೆಗಳೂ ತಮ್ಮ ಪಾಲು ಕುಡಿದು ಮುಗಿಸಿರುತ್ತವೆ. ಸಂಜೆ ಒಂಬತ್ತೂವರೆಗೆಲ್ಲ ಕತ್ತಲಾಗುತ್ತದೆ, ದೀಪ ಹಚ್ಚಬಹುದು. ಜೂನಿನ ಹಗಲಿಗಿಂತ ಆಗಸ್ಟಿನ ದೀಪವೇ ಚೆಂದ ಎಂದು ಹೇಳುತ್ತಿದ್ದವಳು ನೀನೇ ತಾನೆ?

ಔಲುವಿನಿಂದ ಬೆಳಗಿನ ಬಸ್ಸನ್ನೇ ಹಿಡಿ. ಕುವೊಪಿಯೊದಲ್ಲಿ ಇಳಿದರೆ ನಮ್ಮ ಕಡೆಯ ಬಸ್ಸಿಗೆ ನಲವತ್ತು ನಿಮಿಷ ಇರುತ್ತದೆ. ನಿಲ್ದಾಣದ ಕಾಫಿ ಕುಡಿಯಬೇಡ, ಅದು ಪಾತ್ರೆ ತೊಳೆದ ನೀರು. ಹಾಲಿನ ಕ್ಯಾನು ಇಡುತ್ತಿದ್ದ ಹಳೇ ಕಟ್ಟೆಯ ಹತ್ತಿರ ನಿಲ್ಲಿಸಲು ಹೇಳು, ಈಗಿನ ಹುಡುಗ ಡ್ರೈವರುಗಳಿಗೆ ಆ ಕಟ್ಟೆ ಯಾಕಿದೆ ಎಂಬುದೇ ಗೊತ್ತಿಲ್ಲ. ಅಲ್ಲಿಂದ ಉರ್ಹೋ ತನ್ನ ಕಾರಿನಲ್ಲಿ ಕರೆತರುತ್ತಾನೆ. ಪಕ್ಕದ ಜಮೀನಿನ ಉರ್ಹೋ ಇನ್ನೂ ಗಟ್ಟಿಯಾಗಿದ್ದಾನೆ, ಎಪ್ಪತ್ತೈದು ತುಂಬಿತು, ಕಿವಿ ಮಾತ್ರ ತನಗೆ ಬೇಕಾದಾಗ ಕೇಳುತ್ತದೆ. ಮೊನ್ನೆ ಬಲೆಗೆ ಬಿದ್ದ ಸಣ್ಣ ಮೀನು ತಂದುಕೊಟ್ಟವನು ಅಡುಗೆಮನೆಯ ಮೇಜು ನೋಡಿ ಸುಮ್ಮನಿರಬಾರದೆ? "ಏನಮ್ಮಾ ಕೆರ್ತೂ, ಎರಡು ತಟ್ಟೆ, ಎರಡು ಲೋಟ, ಎರಡು ದಿಂಬು ಬಿಸಿಲಿಗೆ. ಕಾಗದ ಒಂದು ಬರೆಯೋಕೆ ಏನು ರೋಗ ನಿಂಗೆ? ಅವಳಿಗೇನು ಕನಸು ಬೀಳುತ್ತಾ?" ಎಂದ. ನಿನ್ನ ಕೆಲಸ ನೋಡಿಕೋ ಹೋಗು ಎಂದೆ. "ನಲವತ್ತು ವರ್ಷ ಶಾಲೆ ಅಡುಗೆಮನೇಲಿ ಮುನ್ನೂರು ಮಕ್ಕಳನ್ನ ಗದರಿಸಿದ ಬಾಯಿ ಅದು, ಕ್ಷಮಿಸು ಅನ್ನೋದು ಅದಕ್ಕೆಲ್ಲಿ ಬರ್ಬೇಕು" ಎಂದು ಗೊಣಗುತ್ತಾ ಹೋದ. ಅವನ ಮೇಲೆ ಸಿಟ್ಟು ಬಂತು. ನಿಜ ಹೇಳಿದರೆ ಬರುತ್ತದಲ್ಲ, ಅಂಥ ಸಿಟ್ಟು.

ಮಾಡುವ ಕೆಲಸವೂ ಇದೆ, ನಿನ್ನನ್ನು ಸುಮ್ಮನೆ ಕೂರಿಸುವುದಿಲ್ಲ. ಚಿಂದಿಬಟ್ಟೆಯ ಜಮಖಾನೆಗಳನ್ನು ಮೂರು ಬೇಸಿಗೆಯಿಂದ ಸರಿಯಾಗಿ ತೊಳೆದಿಲ್ಲ. ದೋಣಿಕಟ್ಟೆಯ ಮೇಲೆ ಹಾಸಿ ಪೈನ್ ಸೋಪು ಹಾಕಿ ಉಜ್ಜುವುದನ್ನು ಈಗಲೂ ಒಬ್ಬಳೇ ಮಾಡುತ್ತೇನೆ, ಆದರೆ ನೀರು ಕುಡಿದ ಜಮಖಾನೆ ಹಿಂಡಿ ಎತ್ತಲು ಇಬ್ಬರು ಬೇಕು. ಹೋದ ವರ್ಷ ನೀಲಿ ಪಟ್ಟೆಯದನ್ನು ಎಳೆಯಲು ಹೋಗಿ ಜಮಖಾನೆಯ ಸಮೇತ ನಾನೇ ಕೆರೆಗೆ ಬಿದ್ದೆ. ಅದು ಜುಲೈ ಇಪ್ಪತ್ತೇಳೂ ಅಲ್ಲ. ನಿನ್ನ ಸೊಂಟ ಹೇಗಿದೆಯೋ ತಿಳಿಯದು, ನೋವಿದ್ದರೆ ನೀನು ಮೇಲೆ ಕೂತು ನನ್ನನ್ನು ಬೈದರೂ ಸಾಕು.

ಊಟದ ಚಿಂತೆ ಬೇಡ. ಹೊಸ ಆಲೂಗಡ್ಡೆ, ಸಬ್ಬಸಿಗೆ ಸೊಪ್ಪು, ಬೆಣ್ಣೆ. ಬಿರುಮಳೆ ಒಂದು ಬಂದರೆ ಬರ್ಚ್ ಮರಗಳ ಕೆಳಗೆ ಹಳದಿ ಅಣಬೆ ಏಳುತ್ತದೆ, ಜಾಗ ನಾನು ಉರ್ಹೋಗೂ ಹೇಳಿಲ್ಲ. ಕೆರೆಸಿಗಡಿಗೆ ಬುಟ್ಟಿ ಇಡೋಣ. ನೀನು ಬರುವಾಗ ಔಲುವಿನ ಆ ಗಟ್ಟಿ ಕಪ್ಪು ಬ್ರೆಡ್ಡು ಎರಡು ತಾ, ಇಲ್ಲಿಯ ಅಂಗಡಿಯದು ಹತ್ತಿಯ ಹಾಗಿರುತ್ತದೆ. ದಪ್ಪ ಸ್ವೆಟರು ಒಂದು, ರಬ್ಬರು ಬೂಟು ಬೇಡ, ನಿನ್ನದು ಇಲ್ಲೇ ಇದೆ. ನಿನ್ನ ಮಂಚ ಕಿಟಕಿಯ ಪಕ್ಕದಲ್ಲೇ ಇದೆ. ಆರು ವರ್ಷ ಅದರ ಮೇಲೆ ಯಾರೂ ಮಲಗಿಲ್ಲ. ಮಲಗಲು ಯಾರೂ ಬಂದಿಲ್ಲ ಎನ್ನುವುದು ಹೆಚ್ಚು ಸರಿ.

ನೋಡಿದೆಯಾ, ಬ್ರೆಡ್ಡು ಬೂಟು ಎಂದು ಎರಡು ಹಾಳೆ ತುಂಬಿಸಿದೆ. ಹೇಳಬೇಕಾದದ್ದಕ್ಕೆ ಇನ್ನೂ ಬಂದಿಲ್ಲ.

ಸೌನಾದ ಬಿಸಿಹಬೆಯ ಸ್ನಾನದ ಕೋಣೆಯೊಳಗೆ ಚರ್ಚಿನೊಳಗಿದ್ದ ಹಾಗೆ ಇರಬೇಕು ಎಂದು ಅಮ್ಮ ನಮಗೆ ಮಾತು ಬರುವ ಮೊದಲೇ ಕಲಿಸಿದ್ದಳು. ಅಲ್ಲಿ ದನಿ ಎತ್ತಬಾರದು, ಯಾರನ್ನೂ ಹಳಿಯಬಾರದು, ಹೊರಗಿನ ಜಗಳವನ್ನು ಬಟ್ಟೆಯ ಜೊತೆ ಹೊರಗಿನ ಗೂಟಕ್ಕೇ ನೇತುಹಾಕಿ ಬರಬೇಕು. ಅಪ್ಪ ಅಮ್ಮ ವಾರವಿಡೀ ಮುಖ ಊದಿಸಿಕೊಂಡಿದ್ದರೂ ಶನಿವಾರ ಆ ಬಿಸಿಯಲ್ಲಿ ಒಬ್ಬರ ಬೆನ್ನು ಒಬ್ಬರು ತಿಕ್ಕುತ್ತಿದ್ದರು. ಎಪ್ಪತ್ತು ವರ್ಷದಲ್ಲಿ ನಮ್ಮ ಮನೆಯಲ್ಲಿ ಆ ಕಟ್ಟು ಮುರಿದವಳು ನಾನೊಬ್ಬಳೇ.

ಆರು ವರ್ಷದ ಹಿಂದಿನ ಆ ಶನಿವಾರ ನೀನು ಕೆಳಗಿನ ಹಲಗೆಯ ಮೇಲೆ ಕೂತು ನಾಚಿಕೊಂಡು ಹೇಳಿದೆ, ರೇಯ್ನೊ ಎಂಬವನು ಮದುವೆಯಾಗೋಣ ಎಂದು ಕೇಳಿದ್ದಾನೆ, ಬ್ರೆಡ್ಡಿನ ವ್ಯಾನು ಓಡಿಸುತ್ತಾನೆ, ಅಕಾರ್ಡಿಯನ್ ನುಡಿಸುತ್ತಾನೆ ಎಂದು. ಬೇಕೆಂದೇ ಅಲ್ಲಿ ಹೇಳಿದೆ ನೀನು. ಅಲ್ಲಿ ಅಕ್ಕ ಬೈಯುವುದಿಲ್ಲ ಎಂಬ ಧೈರ್ಯ ನಿನಗೆ. ನಾನು ಮೇಲಿನ ಹಲಗೆಯಲ್ಲಿದ್ದೆ. ಕಾದ ಕಲ್ಲಿನ ಮೇಲೆ ಒಂದರ ಮೇಲೊಂದು ಮೂರು ಸೌಟು ನೀರು ಎರಚಿ ಹೇಳಿದೆ, "ಅರವತ್ತಕ್ಕೆ ಅರಳುಮರುಳು ಅನ್ನೋದು ಸುಳ್ಳಲ್ಲ. ಅವನ ಕಣ್ಣು ಬಿದ್ದಿರೋದು ನಿನ್ನ ಮೇಲೆ ಅಂದ್ಕೊಂಡ್ಯಾ? ಈ ಕೆರೆದಂಡೇಲಿ ನಿನಗಿರೋ ಅರ್ಧ ಪಾಲಿನ ಮೇಲೆ ಕಣೇ, ಪೆದ್ದಿ." ನೀನು ತಿರುಗಿ ಜಗಳವಾಡಲಿಲ್ಲ. "ಸೌನಾದಲ್ಲಿ ಕೂತು ಹೀಗಂದ್ಯಲ್ಲ ಅಕ್ಕಾ" ಎಂದೆ, ಅಷ್ಟೇ. ಒದ್ದೆ ತಲೆಯಲ್ಲೇ ಬಟ್ಟೆ ಹಾಕಿಕೊಂಡು ಸಂಜೆಯ ಬಸ್ಸಿಗೆ ನಡೆದುಬಿಟ್ಟೆ. ನೀನು ಹಿಂತಿರುಗುತ್ತೀಯೆಂದು ನಾನು ಕಲ್ಲು ತಣ್ಣಗಾಗುವವರೆಗೂ ಅಲ್ಲೇ ಕೂತಿದ್ದೆ.

ಆ ಮನುಷ್ಯನ ವಿಷಯದಲ್ಲಿ ನನಗೆ ಏನೂ ಗೊತ್ತಿರಲಿಲ್ಲ ಸೈಮಿ. ಗೊತ್ತಿದ್ದದ್ದು ಒಂದೇ. ಮೂವತ್ತು ಬೇಸಿಗೆ ನೀನೂ ನಾನೂ ಇಬ್ಬರೇ ಇಲ್ಲಿದ್ದೆವು, ಇನ್ನು ಮೇಲೆ ನೀನು ಬರುವುದಾದರೂ ಒಬ್ಬಳೇ ಬರುವುದಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಭಯವೂ ಆಯಿತು. ಅದನ್ನು ಹೇಳಲು ನಾಚಿಕೆಯಾಗಿ ಪಾಲಿನ ಮಾತು ಎತ್ತಿದೆ. ಈ ಮಾರ್ಚಿನಲ್ಲಿ ಅವನ ಮಣ್ಣಿಗೆ ಬರಲಾಗುವುದಿಲ್ಲ, ನೆಗಡಿ ಎಂದು ಹೇಳಿ ಕಳಿಸಿದೆನಲ್ಲ, ನೆಗಡಿ ಇರಲಿಲ್ಲ. ಕಪ್ಪು ಉಡುಪು ಇಸ್ತ್ರಿ ಮಾಡಿ, ಹಾಕಿಕೊಂಡು, ಬಸ್ಸು ಹೋಗುವವರೆಗೂ ಕುವೊಪಿಯೊದ ನನ್ನ ಚಳಿಗಾಲದ ಮನೆಯ ಅಡುಗೆಮನೆಯಲ್ಲಿ ಕೂತಿದ್ದೆ. ನಿನ್ನ ಪಕ್ಕ ನಿಲ್ಲಬೇಕಾದವಳು ನಾನು. ತಪ್ಪಾಯಿತು, ಕ್ಷಮಿಸು. ಬರೆಯುವುದು ಇಷ್ಟು ಸುಲಭ ಎಂದು ಗೊತ್ತಿದ್ದರೆ ಮೊದಲೇ ಬರೆಯುತ್ತಿದ್ದೆ ಎನ್ನೋಣವೆಂದರೆ ಅದೂ ಸುಳ್ಳು, ಇದು ನಾಲ್ಕನೇ ಹಾಳೆ.

ರೇಯ್ನೊ ವಿಷಯದಲ್ಲಿ ಇನ್ನೊಂದು ಮಾತಿದೆ. ಅದು ಕಾಗದದಲ್ಲಿ ಹೇಳುವಂಥದ್ದಲ್ಲ. ನೀನು ಬಾ, ಎರಡು ದಿನ ಚೆನ್ನಾಗಿ ನಿದ್ದೆ ಮಾಡು, ಆಮೇಲೆ ಮೆಟ್ಟಿಲ ಮೇಲೆ ಕೂತು ಹೇಳುತ್ತೇನೆ.

ಉತ್ತರ ಬರೆಯದಿದ್ದರೂ ಸರಿ, ಬಂದುಬಿಡು. ಫೋನು ಮಾಡಬೇಡ. ಫೋನಿನಲ್ಲಿ ನಾನು ಇನ್ನೂ ಕೆಟ್ಟವಳು, ನಿನಗೆ ಗೊತ್ತೇ ಇದೆ.

ಬಾಯಿ ಜೋರಿನ, ಆದರೂ ನಿನ್ನವಳೇ ಆದ ಅಕ್ಕ,
ಕೆರ್ತು

ಮರೆತದ್ದಲ್ಲ, ಮುಚ್ಚಿಟ್ಟದ್ದು. ಗುರುವಾರ ಬೆಳಿಗ್ಗೆ.

ಕಾಗದವನ್ನು ಅಂಟಿಸಿ ಉರ್ಹೋ ಕೈಗೆ ಕೊಟ್ಟಾಗಿತ್ತು, ಅಂಚೆಗೆ ಹಾಕಲು. ಬಂದವನಿಗೆ ಕಾಫಿ ಬಗ್ಗಿಸಿದೆ. ಬೇಕೇ ಎಂದು ಕೇಳಲೂ ಇಲ್ಲ, ಯಾರು ಬಂದರೂ ಬಗ್ಗಿಸುವುದೇ. ಅವನು ಕುಡಿದು, ಬಾಯಿ ಒರೆಸಿಕೊಂಡು, ಗೇಟು ದಾಟಿ ಹೋಗಿದ್ದ. ಹಿಂದೆ ಓಡಿ ಕಾಗದ ವಾಪಸು ಕಿತ್ತುಕೊಂಡೆ. ಅವನು ನನಗೆ ತಲೆಕೆಟ್ಟಿದೆ ಎಂದುಕೊಂಡು ಕಾರಿನಲ್ಲಿ ಕೂತು ಕಾಯುತ್ತಿದ್ದಾನೆ. ನಿನ್ನನ್ನು ಮೊದಲು ಕರೆಸಿಕೊಂಡು, ತಿನ್ನಿಸಿ ಮಲಗಿಸಿ, ಆಮೇಲೆ ಹೇಳುವುದು ಸಿಗಡಿಗೆ ಬುಟ್ಟಿ ಇಟ್ಟ ಹಾಗಾಗುತ್ತದೆ. ಬೇಡ. ಈಗಲೇ ಹೇಳುತ್ತೇನೆ, ಆಮೇಲೆ ನೀನು ತೀರ್ಮಾನಿಸು.

ರೇಯ್ನೊ ಇಲ್ಲಿಗೆ ಬಂದಿದ್ದ. ನಿಮ್ಮ ಮದುವೆಯಾದ ಮರುವರ್ಷ, ಜುಲೈಯಲ್ಲಿ. ನಿನಗೆ ಏನು ನೆಪ ಹೇಳಿ ಬಂದಿದ್ದನೋ ಗೊತ್ತಿಲ್ಲ. ಬ್ರೆಡ್ಡಿನ ವ್ಯಾನನ್ನು ಗೇಟಿನ ಹೊರಗೇ ನಿಲ್ಲಿಸಿ, ಟೋಪಿ ಕೈಯಲ್ಲಿ ಹಿಡಿದು ಅಂಗಳಕ್ಕೆ ಬಂದ. ಅರ್ಧ ದಿನ ಓಡಿಸಿಕೊಂಡು ಬಂದಿದ್ದ, ಅಂಗಿ ಬೆನ್ನಿಗೆ ಅಂಟಿತ್ತು. "ಆ ಪಾಲು ನಂಗೆ ಬೇಡ ಅಕ್ಕ. ಎಲ್ಲಿ ಬೇಕಾದ್ರೂ ಬರೆದುಕೊಡ್ತೀನಿ. ಅವಳನ್ನ ಒಂದ್ಸಲ ಕರೀರಿ. ಆಗಸ್ಟ್ ಬಂದ್ರೆ ಅವಳು ಕಿಟಕಿ ಹತ್ರಾನೇ ಕೂತಿರ್ತಾಳೆ" ಎಂದ. ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. ಹಿಂದೆ ಒಲೆಯ ಮೇಲೆ ಕಾಫಿ ಕುದಿಯುತ್ತಿತ್ತು, ವಾಸನೆ ಅಂಗಳಕ್ಕೆಲ್ಲ ಹರಡಿತ್ತು. ಒಳಗೆ ಬಾ ಎನ್ನಲಿಲ್ಲ. ಕೂತುಕೋ ಎನ್ನಲಿಲ್ಲ. ಅಲೆದು ಬರುವ ಭಿಕ್ಷುಕನಿಗೂ ನಮ್ಮಲ್ಲಿ ಯಾರೂ ಹಾಗೆ ಮಾಡಿದ್ದಿಲ್ಲ. ಯೋಚಿಸುತ್ತೇನೆ ಎಂದೆ.

ವ್ಯಾನಿನ ಬಾಗಿಲು ತೆಗೆದವನು ಮತ್ತೆ ತಿರುಗಿ ಬಂದು ಹೇಳಿದ, "ನಾನು ಬಂದಿದ್ದೆ ಅಂತ ಸೈಮಿಗೆ ಹೇಳ್ಬೇಡಿ. ನಾನೂ ಹೇಳಲ್ಲ. ಗಂಡನಿಗೆ ಒಂದು ಲೋಟ ಕಾಫಿ ಕೊಡ್ಲಿಲ್ಲ ಅಂತ ಗೊತ್ತಾದ್ರೆ ಅವಳು ಇನ್ನ್ಯಾವತ್ತೂ ಈ ಕಡೆ ಕಾಲಿಡಲ್ಲ. ಅವಳಿಗೆ ಬರ್ಬೇಕು ಅಂತಿದೆ."

ಸಾಯುವವರೆಗೂ ಅವನು ನಿನಗೆ ಹೇಳಿರಲಿಕ್ಕಿಲ್ಲ. ಹೇಳಿದ್ದರೆ ನಿನ್ನ ಕ್ರಿಸ್‌ಮಸ್ ಕಾರ್ಡುಗಳು ಬರುತ್ತಿರಲಿಲ್ಲ. ನನ್ನ ಮರ್ಯಾದೆಯನ್ನು ನಿನ್ನ ಹತ್ತಿರ ಐದು ವರ್ಷ ಕಾಪಾಡಿದ್ದು ಅವನು, ಸೈಮಿ.

ಹದಿಮೂರರಂದು ಕಟ್ಟೆಯ ಹತ್ತಿರ ಉರ್ಹೋ ಅಲ್ಲ, ನಾನೇ ನಿಂತಿರುತ್ತೇನೆ. ನೀನು ಇಳಿಯದಿದ್ದರೆ ಯಾಕೆ ಇಳಿಯಲಿಲ್ಲ ಎಂದು ಯಾರು ಕೇಳಿದರೂ ಇದ್ದದ್ದನ್ನೇ ಹೇಳುತ್ತೇನೆ, ಅಕ್ಕನೇ ಸರಿ ಇರಲಿಲ್ಲ ಎಂದು.