ನಾಲ್ಕನೇ ಗಡಿಕಲ್ಲು

ಹೊಲದ ಮನೆ,
ಮಾರ್ಚ್ ೧೪, ಮಂಗಳವಾರ

ಮುದ್ದಿನ ಸೊಸೆಗೆ,

ಹೇಗಿದ್ದೀಯಮ್ಮ? ಬೆನ್ನುನೋವು ಇಳೀತಾ? ದಿನವಿಡೀ ಹೊಲಿಗೆ ಮಿಷನ್ ಮುಂದೆ ಬಗ್ಗಿ ಕೂತರೆ ಇನ್ನೇನಾಗುತ್ತೆ! ಆಗಾಗ ಎದ್ದು ಓಡಾಡು, ಮೇಲ್ವಿಚಾರಕಿ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ. ನನ್ನ ಮಂಡಿ ಹಾಗೇ ಇದೆ. ಬಾಯಿಗೂ ಏನೂ ಆಗಿಲ್ಲ.

ಈಗ ಸುದ್ದಿ ಕೇಳು. ನಾವು ಗೆದ್ದೆವು ಕಣೇ! ಪಟ್ಟಣ ಬೆಳೆದು ಬೆಳೆದು ನಮ್ಮ ಬೇಲಿಗೇ ಬಂದು ನಿಂತಿದೆ, ನಾವು ಬದನೆ ಕೀಳುತ್ತಿದ್ದ ಬದುವಿನ ಪಕ್ಕವೇ ಈಗ ಬಸ್ಸು ತಿರುಗುತ್ತೆ. ಅದನ್ನ ನೋಡಿ ಜಮೀನು ಮಾರಿಸೋ ದಲ್ಲಾಳಿಯೊಬ್ಬ ನನ್ನ ಮೈದುನನ ತಲೆ ಕೆಡಿಸಿ, ಅಷ್ಟೂ ಜಮೀನು ತನ್ನೊಬ್ಬನದೇ ಅಂತ ಅವನ ಕೈಲಿ ಅರ್ಜಿ ಹಾಕಿಸಿದ್ದ. ಹಳೇ ನಕ್ಷೆಯಲ್ಲಿ ನಮ್ಮ ಪಾಲಿಗೆ ನಾಲ್ಕು ಗಡಿಕಲ್ಲು. ಹೋದ ತಿಂಗಳು ಸರ್ವೆಯವರು ಬಂದು ಅಳೆದರೆ ಸಿಕ್ಕಿದ್ದು ಮೂರೇ. "ನಾಲ್ಕನೇ ಕಲ್ಲೇ ಇಲ್ಲ, ನಿಮ್ಮ ನಕ್ಷೆಯೇ ಸುಳ್ಳು" ಅಂತ ಮೈದುನ ಮೀಸೆ ತಿರುವಿದ. ನನಗೆ ರೇಗಿಹೋಯ್ತು. ಮದುವೆಯಾದ ವರ್ಷ ಆ ಕಲ್ಲು ನೆಟ್ಟಾಗ ಸುತ್ತ ಮಣ್ಣು ತುಳಿದು ಗಟ್ಟಿ ಮಾಡಿದವಳು ನಾನೇ! ರಸ್ತೆ ಏರಿಸೋಕೆ ಸುರಿದ ಮಣ್ಣಿನಡಿ ಹೂತುಹೋಗಿದೆ ಅಷ್ಟೆ. ಬೇಲಿ ಮೂಲೆಯಲ್ಲಿ ಕೋಲೂರಿ "ಇಲ್ಲಿ ಅಗೀರಿ" ಅಂದೆ. ಮೊಣಕಾಲುದ್ದ ಅಗೆದರು, ಏನೂ ಇಲ್ಲ. ದಲ್ಲಾಳಿ ಹಲ್ಲು ಕಿರಿದು, "ಅಜ್ಜೀ, ಬಿಸಿಲು ತಲೆಗೇರಿದೆ, ಒಳಗೆ ಹೋಗಿ" ಅಂದ. ನಾನು ಗುಂಡಿ ಅಂಚಲ್ಲೇ ಕುಕ್ಕರಿಸಿ, "ಇನ್ನೂ ಅಗೀರಿ, ಆಗಲ್ಲಾಂದ್ರೆ ಗುದ್ದಲಿ ಇಲ್ಲಿ ಕೊಡಿ" ಅಂದೆ. ಅವರು ಮತ್ತೆ ಗುದ್ದಲಿ ಎತ್ತಿದರು. ಆಮೇಲೆ ಠಣ್ ಅಂತು ನೋಡು! ಕಲ್ಲಿನ ಮೇಲಿನ ಗುರುತೂ ನಕ್ಷೆಗೆ ಸರಿಹೋಯ್ತು. ದಲ್ಲಾಳಿ ಅಲ್ಲಿಂದಲೇ ಕಾಲ್ಕಿತ್ತ. ಮೈದುನ ಸಂಜೆ ಬಂದು "ತಪ್ಪಾಯ್ತು ಅತ್ತಿಗೆ" ಅಂತ ತಲೆ ತಗ್ಗಿಸಿ ನಿಂತ. ಚೆನ್ನಾಗಿ ಬೈದು ಟೀ ಕೊಟ್ಟೆ.

ನಿನ್ನೆ ಹೊಸ ದಾಖಲೆ ಕೈಗೆ ಬಂತು. ಜಮೀನು ಮಾರೋ ಮಾತೇ ಇಲ್ಲ. ರಸ್ತೆ ಬದಿಯ ತುಂಡನ್ನ ತರಕಾರಿ ಶೀತಲಗೃಹದವರು ಬಾಡಿಗೆಗೆ ಕೇಳಿದ್ದಾರೆ. ತಿಂಗಳು ತಿಂಗಳು ಬಾಡಿಗೆ, ಮಣ್ಣು ನಮ್ಮದೇ. ಉಳಿದದ್ದರಲ್ಲಿ ನನ್ನ ಬದನೆ.

ಕಣ್ಣು ಕೆಡಿಸಿಕೊಳ್ಳಬೇಡ, ಹೊಟ್ಟೆ ತುಂಬ ಉಣ್ಣು, ತಣ್ಣಗೆ ಬಾಳು ಮಗಳೇ.

ನಿನ್ನ ಅತ್ತೆ

ಮ.ರೆ.: ಅಂಚೆಡಬ್ಬಿ ತೆಗೆಯೋ ಹೊತ್ತಾಯ್ತು, ಬೇಗ ಬರೀತೀನಿ. ನನ್ನ ಮಗ ತೀರಿಕೊಂಡ ಮೇಲೆ "ಇಲ್ಲಿ ನನ್ನದು ಅಂತ ಏನಿದೆ ಅತ್ತೆ?" ಅಂದು ನೀನು ಹೊಲಿಗೆ ಕೆಲಸಕ್ಕೆ ಅಂತ ಹೊರಟುಬಿಟ್ಟೆ. ಈಗ ಹೇಳ್ತೀನಿ ಕೇಳು. ದಾಖಲೆಯಲ್ಲಿ ಎರಡು ಹೆಸರಿದೆ, ನನ್ನದು, ನಿನ್ನದು. ಸಮಪಾಲು. ನಿನ್ನ ಸಹಿ ಬೀಳದೆ ಶೀತಲಗೃಹದವರು ಒಂದು ಇಟ್ಟಿಗೆಯನ್ನೂ ಇಡೋ ಹಾಗಿಲ್ಲ. ಬರೋ ತಿಂಗಳ ಮೊದಲ ಸೋಮವಾರ ಬಾ. ಜಮೀನಿನ ಯಜಮಾನಿ ಬರ್ತಾಳೆ, ಕಾಯಿರಿ ಅಂತ ಅವರಿಗೆ ಹೇಳಿಬಿಟ್ಟಿದ್ದೀನಿ.