ದೇವರಮೀನಿನ ಸೋದರಳಿಯ

ಆಲೆಟ್ಟಿ
೧೨-೨-೧೯೫೮

ಶ್ರೀಮದ್ ಆಲೆಟ್ಟಿ ವಾಚನಾಲಯದ ಮುರುಕು ಬೆಂಚಿನ ಖಾಯಂ ಅಧ್ಯಕ್ಷರೂ, ಹಳೇ ಕಿಟಕಿಯ ಗಾಜಿಗೆ ಡಾಮರು ಮೆತ್ತಿ ಮತ್ಸ್ಯಲೋಕವನ್ನೇ ಸೃಷ್ಟಿಸಿದ ಮಹಾಶಿಲ್ಪಿಗಳೂ ಆದ ಪರಮಪೂಜ್ಯ ದೇರಣ್ಣ ಅಜ್ಜನವರ ಪಾದಾರವಿಂದಗಳಿಗೆ, ಹಾಗೂ ಬಲಗಣ್ಣಿಗೆ ಪ್ರತ್ಯೇಕವಾಗಿ, ಮೊಮ್ಮಗ ತೀರ್ಥರಾಮನ ಸಾಷ್ಟಾಂಗ ನಮಸ್ಕಾರಗಳು.

ಅಜ್ಜಾ, ಹೇಗಿದ್ದೀರಿ? ಕೆಮ್ಮು ನಿಲ್ಲಲಿ ಎಂದು ಎರಡು ವಾರ ಕಾಯಿಸಿ, ಕೊನೆಗೆ ಕಣ್ಣಿನ ಆಪರೇಷನ್ ಮಾಡಿ ಇಂದಿಗೆ ಆರು ದಿನ. ನೋವು ಉಂಟೋ? ತಲೆ ಅಲ್ಲಾಡಿಸಬಾರದು ಎಂಬುದು ಡಾಕ್ಟರರ ಆಜ್ಞೆಯಂತೆ. ಈ ಕಾಗದವನ್ನು ಕಮಲಾವತಿ ಅತ್ತೆ ಓದಿ ಹೇಳುವಾಗ ದಯವಿಟ್ಟು ನಗಬೇಡಿ. ನಗು ಬಂದರೆ ಆಸ್ಪತ್ರೆಯ ಗಂಜಿಯನ್ನು ನೆನೆಸಿಕೊಳ್ಳಿ. ಮನೆಯಲ್ಲಿ ಎಲ್ಲರೂ ಕ್ಷೇಮ.

ಇನ್ನು ಮುಖ್ಯ ವಿಷಯ. ಮಂಗಳೂರಿನ ಬಸ್ಸು ಹತ್ತುವಾಗ ನೀವು ನನ್ನ ಕಿವಿ ಹಿಡಿದು, "ಕಟ್ಟು ಬಿಚ್ಚಿ ಬಂದಮೇಲೆ ನಾನು ಮೊದಲು ನೋಡುದು ಆ ಐದನ್ನು. ಒಂದು ಕಮ್ಮಿಯಾದರೆ ನಿನ್ನನ್ನೇ ಪೆಟ್ಟಿಗೆಗೆ ಹಾಕ್ತೇನೆ" ಎಂದಿರಿ. ಕಲ್ಲಿಗೆ ಅಂಟಿಕೊಂಡು ಕೂರುವ, ಬೆರಳಿನಷ್ಟೂ ಇಲ್ಲದ ಆ ಐದು ತಳವಾಸಿ ಮೀನುಗಳು ನಿಮಗೆ ಎಷ್ಟು ಮುಖ್ಯ ಎಂದು ಗೊತ್ತಿದ್ದೂ ನನ್ನಿಂದ ಒಂದು ರಾಜದ್ರೋಹ ನಡೆಯಿತು. ನೀವು ಹೋದ ಮರುದಿನ ಬೀಡಿ ಅಂಗಡಿಯ ಡೊಂಬಯ್ಯ ವಾಚನಾಲಯಕ್ಕೆ ಪೇಪರು ಓದಲು ಬಂದವನು ಮೀನಿನ ಪೆಟ್ಟಿಗೆಯ ಗಾಜಿಗೆ ಮೂಗು ಒತ್ತಿ, "ಎಂತ ಮಾರಾಯ, ಮೇಲೆ ಇಷ್ಟು ಚಂದದ ಬೆಳ್ಳಿಮೀನು ಓಡ್ತಾ ಉಂಟು, ಅಡಿಯಲ್ಲಿ ಈ ಕೆಸರಿನ ತುಂಡುಗಳು ಎಂತಕ್ಕೆ?" ಎಂದು ಹೀಯಾಳಿಸಿದ. ನನಗೆ ತಡೆಯಲಿಲ್ಲ. ಬಹಳ ಗಂಭೀರನಾಗಿ, "ಮೆಲ್ಲ ಮಾತಾಡಿ ಡೊಂಬಯ್ಯಣ್ಣ. ಆ ಸಣ್ಣದು ತೊಡಿಕಾನದ ದೇವರಮೀನಿನ ಸೋದರಳಿಯ" ಎಂದೆ.

ಅಷ್ಟೇ ಅಜ್ಜಾ. ಮಧ್ಯಾಹ್ನದೊಳಗೆ ಸುದ್ದಿ ಅರಂತೋಡಿಗೆ ಮುಟ್ಟಿತ್ತು. ತೊಡಿಕಾನ ದೇವಸ್ಥಾನದ ಹೊಳೆಯಲ್ಲಿ ಮೀನಿಗೆ ಅಕ್ಕಿ ಹಾಕಿ ಹರಕೆ ತೀರಿಸುವ ನಮ್ಮ ಜನ, ಸೋದರಳಿಯನಿಗೆ ಹಾಕದೆ ಬಿಡುತ್ತಾರೆಯೇ? ಅಕ್ಕಿ ಬಂತು, ಹುರಿದ ಭತ್ತದ ಹೊದಲು ಬಂತು. ವಾಚನಾಲಯದಲ್ಲಿ ಪೇಪರು ಓದುವವರಿಗಿಂತ ಕೈ ಮುಗಿಯುವವರೇ ಹೆಚ್ಚಾದರು. ಬೆಳ್ಳಿಮೀನುಗಳು ಮೇಲೆಯೇ ಎಲ್ಲವನ್ನೂ ಕಬಳಿಸಿ ಸಾಹುಕಾರರಂತೆ ಉಬ್ಬಿದವು. ಅವು ಬಿಟ್ಟದ್ದು ಅಡಿಗೆ ಹೋಗಿ ಕೊಳೆಯಿತು. ಅಕ್ಕಿಯನ್ನು ಮೂಸಿಯೂ ನೋಡದ ನಿಮ್ಮ ಐವರು ಆ ನಾತದಲ್ಲಿ ಬರಿಹೊಟ್ಟೆಯಲ್ಲಿ ಕುಳಿತರು. ನಾನು ಹತ್ತು ದಿನ ಈ ತಮಾಷೆ ನೋಡಿ ನಕ್ಕೆ. ಹನ್ನೊಂದನೆಯ ದಿನ ನೋಡಿದರೆ ಸೋದರಳಿಯನಿಗೆ ಗಾಜಿಗೆ ಅಂಟಿಕೊಳ್ಳುವ ಶಕ್ತಿಯೇ ಇಲ್ಲ. ಅಂಟಲು ನೋಡುವುದು, ಜಾರುವುದು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ನನ್ನ ನಗು ಅಲ್ಲಿಗೆ ನಿಂತಿತು.

ನೀರು ಬದಲಿಸಿದೆ. "ಅಕ್ಕಿ ಹಾಕಬಾರದು" ಎಂದು ಬೋರ್ಡು ಬರೆದೆ. ಎಲ್ಲರೂ ನಿಲ್ಲಿಸಿದರು, ಚೆನ್ನಕ್ಕ ಒಬ್ಬಳನ್ನು ಬಿಟ್ಟು. ಅವಳ ಮಗ ದುಗ್ಗಪ್ಪ ಬೊಂಬಾಯಿಯ ಹೋಟೆಲಿಗೆ ಹೋದವನು ಐದು ತಿಂಗಳಿಂದ ಒಂದು ಕಾಗದ ಹಾಕಿಲ್ಲವಲ್ಲ. ದಿನಾ ಸೆರಗಿನಲ್ಲಿ ಒಂದು ಹಿಡಿ ಅಕ್ಕಿ ಕಟ್ಟಿಕೊಂಡು ಬರುತ್ತಾಳೆ. ಕೊನೆಗೆ ಧೈರ್ಯ ಮಾಡಿ, "ಚೆನ್ನಕ್ಕಾ, ಅದು ನಾನು ತಮಾಷೆಗೆ ಹೇಳಿದ್ದು" ಎಂದೆ. ಅವಳು ನನ್ನ ಮುಖವನ್ನೇ ನೋಡಿ, "ನೀನು ತಮಾಷೆಗೆ ಹೇಳಿದ್ದಿರಬಹುದು ಮಗಾ. ಮೀನು ತಮಾಷೆಗೆ ಬಾಯಿ ಬಿಡುದಿಲ್ಲ ಅಲ್ವಾ?" ಎಂದಳು. ಮಾತಿಗೆ ಸೋತು ನಾನು ಬೋರ್ಡು ಒರೆಸಲು ಹೋದೆ. ಆಲೆಟ್ಟಿಯಲ್ಲಿ ಇದು ಮೊದಲನೆಯ ಸಲ ಎಂದು ನೀವು ನಗಬಹುದು. ಬೇಡ, ಗಂಜಿ!

ಆಗ ನಾನು ಹೊಸ ಶಾಸ್ತ್ರವೊಂದನ್ನು ಹೊರಡಿಸಿದೆ. ಈ ಅಳಿಯನಿಗೆ ಅಕ್ಕಿ ಸಲ್ಲದು, ಬಚ್ಚಲಿನ ಹಂಡೆಯಲ್ಲಿ ಕುಣಿಯುವ ಸೊಳ್ಳೆಹುಳ, ಆ ನುಸಿಮರಿಯೇ ನೈವೇದ್ಯ. ಮೇಲಿನಿಂದ ಚೆಲ್ಲುವಂತಿಲ್ಲ, ಪಪ್ಪಾಯಿ ಎಲೆಯ ದಂಟನ್ನು ಕೊಳವೆಯಂತೆ ತಳದವರೆಗೆ ಇಳಿಸಿ ಅದರೊಳಗೆ ಹೊಯ್ಯಬೇಕು. ಚೆನ್ನಕ್ಕ ಮರುದಿನವೇ ತೆಂಗಿನ ಗೆರಟೆಯಲ್ಲಿ ನುಸಿಮರಿ ತಂದಳು. ಅವಳು ಹೊಯ್ದಳು, ದಂಟು ನಾನು ಹಿಡಿದೆ. ಬೆಳ್ಳಿಮೀನುಗಳು ಮೇಲೆ ಸುತ್ತು ಹೊಡೆದದ್ದೇ ಬಂತು, ಅಡಿಯಲ್ಲಿ ಐವರಿಗೂ ಊಟ. ನಾಲ್ಕನೆಯ ದಿನ ಸೋದರಳಿಯ ಗಾಜಿಗೆ ಗಟ್ಟಿಯಾಗಿ ಅಂಟಿಕೊಂಡ. ಹೊಟ್ಟೆ ಉದ್ದಿನ ಕಾಳಿನಷ್ಟು ಉರುಟು. ಬೊಂಬಾಯಿಯ ಕಾಗದ ಇನ್ನೂ ಬಂದಿಲ್ಲ. ಆದರೂ ಅವಳು ತಪ್ಪದೆ ಬರುತ್ತಾಳೆ. "ಇವತ್ತು ಸಣ್ಣದು ಎರಡು ತಿಂತು" ಎಂದು ನನಗೆ ವರದಿ ಒಪ್ಪಿಸಿ ಹೋಗುತ್ತಾಳೆ. ನೀವು ಬಂದಮೇಲೆ ಬೊಂಬಾಯಿಯಲ್ಲಿರುವ ನಿಮ್ಮ ಗುರ್ತದವರಿಗೆ ಒಂದು ಕಾರ್ಡು ಬರೆದು ದುಗ್ಗಪ್ಪನನ್ನು ವಿಚಾರಿಸಬೇಕು. ಅದು ಮೀನಿನಿಂದ ಆಗುವ ಕೆಲಸವಲ್ಲ.

ಐವರೂ ಇದ್ದಾರೆ ಅಜ್ಜಾ. ಮೂಢಜನರನ್ನು ಸರಿದಾರಿಗೆ ತಂದ ವಿಚಾರವಂತ ಮೊಮ್ಮಗನೂ ಇದ್ದಾನೆ. ಅತ್ತೆಗೆ ನಮಸ್ಕಾರ. ಬೇಗ ಗುಣವಾಗಿ ಬನ್ನಿ.

ನಿಮ್ಮ ಕಿವಿಹಿಂಡಿಸಿಕೊಳ್ಳುವ
ತೀರ್ಥರಾಮ

ತಾ. ಕ.: ಟಪಾಲಿನವ ಕಾಯುತ್ತಾ ಇದ್ದಾನೆ, ಬೇಗ ಬರೆಯುತ್ತೇನೆ. ಅತ್ತೇ, ಇದನ್ನು ಸ್ವಲ್ಪ ಮೆಲ್ಲ ಓದಿ, ಪಕ್ಕದ ಮಂಚದವರಿಗೆ ಕೇಳುವುದು ಬೇಡ. ಆಪರೇಷನ್ನಿನ ದಿನ ವಾಚನಾಲಯದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ನಾನೂ ಒಂದು ಗೆರಟೆ ನುಸಿಮರಿ ಹಾಕಿ, ಅಜ್ಜನ ಕಣ್ಣು ಬರಲಿ ಎಂದೆ. ಅದು ಯಾರ ಸೋದರಳಿಯನೂ ಅಲ್ಲ ಎಂದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನು. ಆದರೂ ಕೈ ಮುಗಿದೆ.